ಪದ ಪರಿಚಯ: ಮೊಕ್ತೇಸರ

ಕುಮಟಾ, ಅಂಕೋಲಾ, ಕಾರವಾರದ ಕಡೆ ದೇವಸ್ಥಾನದ ಆಮಂತ್ರಣ ಪತ್ರಿಕೆ ಬಂದರೆ ಕೊನೆಯ ಸಾಲಿನಲ್ಲಿ ಎಷ್ಟೋ ಸಲ ಈ ಪದ ಕಾಣುತ್ತದೆ. ದೇವರ ಆಸ್ತಿ, ಹಣ, ಉತ್ಸವಗಳ ಉಸ್ತುವಾರಿ ಹೊತ್ತವರೇ ಮೊಕ್ತೇಸರರು. ಮಾಲೀಕರಲ್ಲ. ಊರಿನವರ ಕಣ್ಣಿಗೆ ಇದು ಮರ್ಯಾದೆಯ ಸ್ಥಾನ. ಲೆಕ್ಕ ನೋಡುವವರ ಕಣ್ಣಿಗೆ ಸ್ವಲ್ಪ ತಲೆನೋವಿನದು.

ಯಾಕೆ? ಮಾಲೀಕರು ಯಾರು ಅಂತ ನೋಡಿ. ನಮ್ಮ ಕಾನೂನಿನಲ್ಲಿ ಪ್ರತಿಷ್ಠೆಯಾದ ಮೂರ್ತಿಗೆ ವ್ಯಕ್ತಿಯ ಸ್ಥಾನವಿದೆ. 1925ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ಹಾಗೆ ಹೇಳಿತ್ತು. ಆಸ್ತಿ ದೇವರದ್ದೇ, ಆದರೆ ದೇವರನ್ನು ಕೋರ್ಟು ಮೈನರ್ ಥರ ನೋಡುತ್ತದೆ. ದೇವಸ್ಥಾನ ಎಷ್ಟೇ ಹಳೆಯದಿರಲಿ, ದೇವರು ಮೈನರೇ! ಮನೆಯ ಮೈನರ್ ಮಗ ಬೆಳೆದ ಮೇಲೆ ‘ಚಿಕ್ಕಪ್ಪ, ನನ್ನ ಪಾಲಿನ ಲೆಕ್ಕ ಕೊಡಿ’ ಅಂತಾನೆ. ದೇವರು ಎಂದೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಆಡಿಟರ್ ಕೇಳಬೇಕು.

ದುಡ್ಡು ಹೊಡೆಯುವುದು ಎಲ್ಲರಿಗೂ ತಿಳಿಯುವ ತಪ್ಪು. ಕಷ್ಟ ಇರುವುದು ಬೇರೆ ಕಡೆ. ಶಾಶ್ವತ ಪೂಜೆಯನ್ನೇ ತಗೊಳ್ಳಿ. ಒಬ್ಬರು ತಾಯಿಯ ಹೆಸರಲ್ಲಿ ವರ್ಷಕ್ಕೊಂದು ಪೂಜೆಯಾಗಲಿ ಅಂತ ಹತ್ತು ಸಾವಿರ ಕೊಡುತ್ತಾರೆ. ಅದು ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಬಡ್ಡಿಯಲ್ಲಿ ಪೂಜೆ, ಅಸಲು ಹಾಗೇ. ಅಷ್ಟರಲ್ಲಿ ಸಭಾಭವನದ ಸ್ಲ್ಯಾಬ್ ಅರ್ಧಕ್ಕೆ ನಿಲ್ಲುತ್ತದೆ, ಮಳೆಗಾಲ ಬಾಗಿಲಿಗೆ ಬಂದಿರುತ್ತದೆ. ‘ಅದೂ ದೇವರದ್ದೇ, ಇದೂ ದೇವರದ್ದೇ ಅಲ್ವಾ?’ ಅಂತ ಠೇವಣಿ ಮುರಿಯುತ್ತಾರೆ. ಯಾರ ಜೇಬಿಗೂ ಒಂದು ಪೈಸೆ ಹೋಗಿಲ್ಲ. ಸಿಮೆಂಟಿನ ಬಿಲ್ಲು, ವೋಚರ್ ಎಲ್ಲಾ ಸರಿಯಾಗಿದೆ. ಆದರೂ ತಪ್ಪು. ಕೊಟ್ಟವರ ಷರತ್ತೇ ಮುರಿದುಹೋಯಿತು, ಬಡ್ಡಿ ನಿಂತಿತು, ಮುಂದಿನ ವರ್ಷದ ಪೂಜೆಗೆ ಯಾರದೋ ಹೊಸ ದೇಣಿಗೆ ಬೇಕು. ಒಳ್ಳೆಯ ಲೆಕ್ಕಿಗರು ಶಾಶ್ವತ ನಿಧಿಯನ್ನು ಆದಾಯಕ್ಕೆ ಸೇರಿಸದೆ ಬೇರೆಯೇ ತೋರಿಸುವುದು ಇದಕ್ಕೇ.

ನೋಡಿಕೊಳ್ಳುವವರು ಮಾಲೀಕರಲ್ಲ ಅನ್ನುವ ಈ ಭಾವನೆ ದೇವಸ್ಥಾನಕ್ಕಷ್ಟೇ ಸೇರಿದ್ದಲ್ಲ. ಭಟ್ಕಳದ ಮುಸ್ಲಿಮರಿಗೆ ‘ಅಮಾನತ್’, ಅಂದರೆ ನಂಬಿ ಒಪ್ಪಿಸಿದ್ದು, ಗೊತ್ತಿರುವ ಮಾತು. ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ವಕ್ಫ್ ಆಸ್ತಿ ನೋಡುವ ಮುತವಲ್ಲಿಯೂ ಮಾಲೀಕರಲ್ಲ. ಕುರ್‌ಆನಿನ ಅತಿ ಉದ್ದದ ವಚನ ಸಾಲವನ್ನು ಬರೆದಿಡುವುದರ ಬಗ್ಗೆಯೇ ಇದೆ, ಬರೆಯುವವನು ನ್ಯಾಯವಾಗಿ ಬರೆಯಬೇಕು ಅನ್ನುತ್ತದೆ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನು ಮನೆವಾರ್ತೆಯವನಿಂದ, ಅಂದರೆ ಯಜಮಾನನ ಸ್ವತ್ತು ನೋಡಿಕೊಳ್ಳುವವನಿಂದ, ಬಯಸುವುದು ನಂಬಿಗಸ್ತಿಕೆಯನ್ನೇ. 1949ರಲ್ಲಿ ಶುರುವಾದ ನಮ್ಮ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಕಠೋಪನಿಷತ್ತಿನಿಂದ ‘ಯ ಏಷ ಸುಪ್ತೇಷು ಜಾಗರ್ತಿ’ ಅನ್ನುವ ಮಾತನ್ನು ಧ್ಯೇಯವಾಕ್ಯ ಮಾಡಿಕೊಂಡಿದೆ. ಎಲ್ಲರೂ ಮಲಗಿದಾಗ ಎಚ್ಚರ ಇರುವವನು ಅಂತ.

ಎಚ್ಚರ ಇರುವುದು ಸಣ್ಣ ಊರಿನಲ್ಲಿ ಸುಲಭವಲ್ಲ. ಮೊಕ್ತೇಸರರು ಆಡಿಟರಿಗೆ ಸೋದರಮಾವನೋ, ಮಕ್ಕಳಿಗೆ ಪಾಠ ಹೇಳಿದ ಮಾಸ್ತರರೋ ಆಗಿರುತ್ತಾರೆ. ಪ್ರಶ್ನೆ ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂತ ಮುಖ ಸಪ್ಪಗಾಗುತ್ತದೆ. ಹತ್ತಿರದ ಸಂಬಂಧ ಇದ್ದರೆ ಆ ಲೆಕ್ಕವನ್ನು ಬೇರೆಯವರಿಗೆ ಬಿಡುವುದೇ ಮೇಲು.

ಮುಂದಿನ ಮಹಾಸಭೆಯಲ್ಲಿ ಜಮಾಖರ್ಚು ಓದುವಾಗ ಹುಂಡಿಯ ಮೊತ್ತಕ್ಕಷ್ಟೇ ಕಿವಿಗೊಡಬೇಡಿ. ಶಾಶ್ವತ ನಿಧಿ ಎಷ್ಟು, ಅಷ್ಟಕ್ಕೂ ಠೇವಣಿ ರಶೀದಿ ಇದೆಯಾ ಅಂತ ಕೇಳಿ.