ಸಾಹೇಬರು ಬಾಯಲ್ಲಿ ಹೇಳಿದರು, ಸಹಿ ನನ್ನದು: ಹೊಣೆ ಯಾರದು?

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯಲ್ಲಿ ಜೆ.ಇ. (ಜೂನಿಯರ್ ಎಂಜಿನಿಯರ್) ಆಗಿ ಸೇರಿ ಎರಡು ವರ್ಷವಾಯಿತು. ಹಳ್ಳಿಯೊಂದರ ಸಿ.ಸಿ. (ಸಿಮೆಂಟ್ ಕಾಂಕ್ರೀಟ್) ರಸ್ತೆ 15 ಸೆಂ.ಮೀ. ದಪ್ಪ ಇರಬೇಕಿತ್ತು, ಅಳೆದರೆ 12 ಬಂತು. ಎಂ.ಬಿ.ಯಲ್ಲಿ (ಅಳತೆ ಪುಸ್ತಕದಲ್ಲಿ) 15 ಅಂತಲೇ ಬರಿ, ಮಾರ್ಚ್ ಮುಗಿದರೆ ಗ್ರಾಂಟ್ ಲ್ಯಾಪ್ಸ್ ಆಗುತ್ತೆ, ನಾನಿದೀನಿ ಕಣಪ್ಪ ಅಂತಾರೆ ಸಾಹೇಬರು. ಬರೆದರೆ ಹೊಣೆ ಯಾರದು?

ಉತ್ತರ: ನಿಮ್ಮದು. ಸಾಹೇಬರದೂ ಇದೆ, ಆದರೆ ಮೊದಲು ನಿಮ್ಮದು.

ಲೆಕ್ಕ ಹಾಕಿ ನೋಡಿ. 100 ಮೀಟರ್ ಉದ್ದ, 3.5 ಮೀಟರ್ ಅಗಲದ ರಸ್ತೆಗೆ 15 ಸೆಂ.ಮೀ. ಅಂದರೆ 52.5 ಘನ ಮೀಟರ್ ಕಾಂಕ್ರೀಟ್. 12 ಅಂದರೆ 42. ಹತ್ತೂವರೆ ಘನ ಮೀಟರ್, ಹೆಚ್ಚುಕಮ್ಮಿ ಎರಡು ಮಿಕ್ಸರ್ ಲಾರಿಯಷ್ಟು ಮಾಲು, ನಿಮ್ಮ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಸಾಹೇಬರು ವರ್ಗವಾಗಿ ಹೋಗುತ್ತಾರೆ, ರಸ್ತೆ ಎಲ್ಲಿಗೂ ಹೋಗಲ್ಲ. ನಾಳೆ ಯಾರೋ ದೂರು ಕೊಟ್ಟು, ಯಂತ್ರ ತಂದು ರಸ್ತೆ ಕೊರೆದು ಕೋರ್ (ಕಾಂಕ್ರೀಟಿನ ತುಂಡು) ತೆಗೆದರೆ 12 ಅಂತಲೇ ಹೇಳುತ್ತೆ. ಆಗ "ನಾನಿದೀನಿ" ಅಂದದ್ದಕ್ಕೆ ಸಾಕ್ಷಿ ಯಾರು?

ಅದಕ್ಕೇ ಮಾತನ್ನು ಕಾಗದಕ್ಕೆ ಇಳಿಸಿ. ನೀವು ಕೇಂದ್ರ ನೌಕರರಲ್ಲದಿದ್ದರೂ ಗೊತ್ತಿರಲಿ, ಕೇಂದ್ರ ನೌಕರರ 1964ರ ನಡತೆ ನಿಯಮಗಳು ಇದನ್ನು ನೇರವಾಗಿ ಹೇಳುತ್ತವೆ: ಮೇಲಧಿಕಾರಿಯ ಆದೇಶ ಸಾಮಾನ್ಯವಾಗಿ ಬರಹದಲ್ಲಿರಬೇಕು, ಬಾಯಿಮಾತಲ್ಲಿ ಹೇಳಿದ್ದರೆ ಆಮೇಲೆ ಬರೆದುಕೊಡಬೇಕು, ಬರೆಸಿಕೊಳ್ಳುವುದು ಕೈಕೆಳಗಿನವರ ಕೆಲಸ. ಕಾಂಟ್ರಾಕ್ಟರ್ ಎದುರಿಗೆ ಜಗಳ ಬೇಡ. ಚೇಂಬರಿಗೆ ಹೋಗಿ, "ಸಾರ್, ಅಳತೆ 12 ಬಂದಿದೆ, ಹಾಗೇ ಬರೀತೀನಿ. ಬೇರೆ ಏನಾದ್ರೂ ಇದ್ರೆ ಫೈಲಲ್ಲಿ ಒಂದು ಸಾಲು ಹಾಕಿಕೊಡಿ" ಅನ್ನಿ. ಅಷ್ಟೇ. ಹಾಕಿಕೊಟ್ಟರೂ ಸುಳ್ಳು ಅಳತೆ ನಿಜವಾಗಲ್ಲ. ಆದರೆ ಹಾಕಿಕೊಡುವವರು ಎಷ್ಟು ಜನ ಇದ್ದಾರೆ ಹೇಳಿ? ಬರೆಯಲಾಗದ ಆದೇಶ ಅಲ್ಲಿಗೇ ಆವಿಯಾಗುತ್ತದೆ.

ಏಟು ಬೀಳಲ್ಲ ಅಂತ ನಾನು ಸುಮ್ನೆ ಹೇಳಲಾರೆ. ಹೊಳಲ್ಕೆರೆಯಿಂದ ಮೊಳಕಾಲ್ಮುರಿಗೆ ವರ್ಗ ಆಗಬಹುದು. ಅದಕ್ಕಿಂತ ದೊಡ್ಡ ಭಯವೂ ಇದೆ. ದಾವಣಗೆರೆ-ಚಿತ್ರದುರ್ಗ ನಡುವೆ ನಾವು ಓಡಾಡುವ ಹೆದ್ದಾರಿ ಸುವರ್ಣ ಚತುಷ್ಪಥ ಯೋಜನೆಯದು. ಅದೇ ಯೋಜನೆಯಲ್ಲಿ ಸತ್ಯೇಂದ್ರ ದುಬೆ ಎಂಬ ಎಂಜಿನಿಯರ್ 2002ರಲ್ಲಿ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು, ಆದರೂ ಹೊರಬಿತ್ತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗೆ ಬಂದವರು ಕೊಂದರು ಎಂದಿತು ತನಿಖೆ. ದೂರು ಕೊಟ್ಟವರ ಹೆಸರು ಕಾಪಾಡಲು ಸರ್ಕಾರ ಕೇಂದ್ರ ಜಾಗೃತ ಆಯೋಗಕ್ಕೆ ಹೊಣೆ ವಹಿಸಿದ್ದು ಅದಾದ ಮೇಲೆ, 2004ರಲ್ಲಿ. ಹಾಗಾಗಿ ನಿಮ್ಮನ್ನು ವೀರರಾಗಿ ಅನ್ನುತ್ತಿಲ್ಲ. ಅಳೆದದ್ದನ್ನು ಬರೆಯಿರಿ ಅನ್ನುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಬಿಲ್ಲು ನೋಡುತ್ತಿದ್ದಾಗ ಒಬ್ಬ ಎ.ಇ.ಇ. (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಇದ್ದರು. ಚೆಕ್ ಮೆಷರ್‌ಮೆಂಟಿಗೆ (ಜೆ.ಇ. ಅಳೆದದ್ದನ್ನು ಮತ್ತೆ ಅಳೆದು ನೋಡಲು) ಹೋದರೆ ಟೇಪಿನ ಒಂದು ತುದಿ ಅವರ ಕೈಯಲ್ಲೇ. ಕಮ್ಮಿ ಬಂದರೆ ಅಲ್ಲೇ ನಿಂತು ಕಮ್ಮಿ ಬರೆಸೋರು, ಕೆಳಗೆ ತಾವೂ ಸಹಿ ಹಾಕೋರು. ಅವರ ಜೆ.ಇ.ಗಳಿಗೆ ಇಂಥ ಪ್ರಶ್ನೆ ಕೇಳುವ ಪ್ರಸಂಗವೇ ಬರಲಿಲ್ಲ.

ಅಂದಹಾಗೆ, ಈಗಾಗಲೇ 15 ಅಂತ ಬರೆದಿದ್ದೀರಾ? ಬಿಲ್ಲು ಇನ್ನೂ ಪಾಸಾಗಿಲ್ಲದಿದ್ದರೆ ಇವತ್ತೇ ಆ ಅಂಕಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ 12 ಬರೆದು, ದಿನಾಂಕ ಹಾಕಿ ಸಹಿ ಮಾಡಿ. ಅಳಿಸಬೇಡಿ, ವೈಟ್ನರ್ ಹಚ್ಚಬೇಡಿ. ಹಾಳೆ ಹರಿಯುವುದಂತೂ ಬೇಡ, ಎಂ.ಬಿ.ಯ ಪ್ರತಿ ಪುಟಕ್ಕೂ ನಂಬರ್ ಇರುತ್ತದೆ.