ಬದನೆಕಾಯಿ ಜಗಳದಲ್ಲಿ ಬೆರೆತುಹೋದ ಎರಡು ಪ್ರಶ್ನೆಗಳು

ಕಾಯಿ ಕೊರೆಯುವ ಹುಳುವನ್ನು ತಾನೇ ತಡೆಯಲಿ ಅಂತ ಬೇರೆ ಜೀವಿಯ ಜೀನ್ ಸೇರಿಸಿದ ಬಿಟಿ ಬದನೆಯನ್ನು ಹೊಲಕ್ಕೆ ಬಿಡಬೇಕಾ ಬೇಡವಾ ಅಂತ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ದೇಶದ ಏಳು ಊರುಗಳಲ್ಲಿ ಜನರನ್ನು ಕೇಳಿದರು. ಕೊನೆಯ ಸಭೆ ನಡೆದದ್ದು ಬೆಂಗಳೂರಿನಲ್ಲಿ, 2010ರ ಫೆಬ್ರುವರಿ 6ರಂದು. 9ನೇ ತಾರೀಖು ತಡೆ ಬಿತ್ತು. ಜಗಳ ಮಾತ್ರ ನಿಂತಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳದಲ್ಲಿ ಬಿಟಿ ಮಾತೆತ್ತಿ ನೋಡಿ: ರೈತರ ಪರ ಇದ್ದರೆ ಬಿಟಿ ವಿಷ ಅನ್ನಬೇಕು, ವಿಜ್ಞಾನದ ಪರ ಇದ್ದರೆ ಬಿಟಿ ವಿರುದ್ಧ ಚಕಾರ ಎತ್ತಬಾರದು. ನನಗೆ ಈ ಎರಡೂ ಒಪ್ಪಿಗೆಯಿಲ್ಲ.

ಮೊದಲು ಹುಳು ನೋಡೋಣ. ಕೆ.ಆರ್. ಮಾರ್ಕೆಟ್ಟಿನಲ್ಲಿ ಬದನೆ ಆರಿಸುವಾಗ ಎಲ್ಲರೂ ತೂತು ಹುಡುಕುತ್ತಾರೆ ಅಲ್ವಾ? ಕಣ್ಣಿಗೆ ಕಾಣುವ ಆ ತೂತು ಸಾಮಾನ್ಯವಾಗಿ ಹುಳು ಹೊರಗೆ ಬಂದ ದಾರಿ. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಮರಿಹುಳು ತೊಟ್ಟಿನ ಹತ್ತಿರ ಕೊರೆದು ಒಳಗೆ ಸೇರಿ, ಬಂದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಬಿಡುತ್ತದೆ. ಆಮೇಲೆ ಏನು ಹೊಡೆದರೂ ಅದಕ್ಕೆ ತಾಗುವುದಿಲ್ಲ, ಹಾಗಾಗಿಯೇ ರೈತರು ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ.

ಬಿಟಿ ಗಿಡಕ್ಕೆ ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನ್ ಸೇರಿಸಿರುತ್ತಾರೆ. ಅದರಿಂದ ಗಿಡವೇ ಕ್ರೈ1ಎಸಿ ಅನ್ನೋ ಪ್ರೋಟೀನ್ ತಯಾರಿಸುತ್ತದೆ. ಹುಳುವಿನ ಕರುಳಿನಲ್ಲಿ ಕ್ಷಾರ ಜಾಸ್ತಿ. ಅಲ್ಲಿ ಈ ಪ್ರೋಟೀನ್ ಚುರುಕಾಗಿ, ಕರುಳಿನ ಗೋಡೆಗೆ ಅಂಟಿಕೊಂಡು ರಂಧ್ರ ಕೊರೆಯುತ್ತದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ. ಈ ಪ್ರೋಟೀನ್ ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಇದೇ ಬ್ಯಾಕ್ಟೀರಿಯಾವನ್ನು ಸಾವಯವ ಕೃಷಿಕರೂ ದಶಕಗಳಿಂದ ಸಿಂಪಡಿಸುತ್ತಿದ್ದಾರೆ. ತಿಂದರೆ ವಿಷ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಇಷ್ಟು ಹೇಳಿದ ಕೂಡಲೇ ಬೀಜ ಕಂಪನಿಯ ಏಜೆಂಟ್ ಅನ್ನುತ್ತಾರೆ.

ಕಂಪನಿ ಮೇಲೆ ರೈತರಿಗಿರುವ ಸಿಟ್ಟು ಬೇರೆ ವಿಷಯ, ಮತ್ತು ಅದು ನ್ಯಾಯವಾದ ಸಿಟ್ಟು. ಬೀಜ ಯಾರ ಕೈಯಲ್ಲಿರಬೇಕು, ಉಡುಪಿಯ ಮಟ್ಟುಗುಳ್ಳ ಬದನೆಯಂಥ ತಳಿ ಯಾರ ಸೊತ್ತು? ಎಷ್ಟು ಇಲಿಗಳಿಗೆ ತಿನ್ನಿಸಿ ನೋಡಿದರೂ ಇದಕ್ಕೆ ಲ್ಯಾಬಿನಲ್ಲಿ ಉತ್ತರ ಸಿಗುವುದಿಲ್ಲ. 1998ರಲ್ಲಿ ರಾಯಚೂರು ಕಡೆ ರೈತ ಸಂಘದವರು ಬಿಟಿ ಹತ್ತಿಯ ಪ್ರಯೋಗದ ಬೆಳೆ ಸುಟ್ಟರು. ಆ ಬೀಜದಲ್ಲಿ ಮರುಬಿತ್ತನೆಗೆ ಮೊಳೆಯದಂತೆ ಮಾಡುವ ‘ಟರ್ಮಿನೇಟರ್’ ಜೀನ್ ಇದೆ ಅನ್ನೋ ಮಾತು ಆಗ ಹಬ್ಬಿತ್ತು. ಇರಲಿಲ್ಲ. ಬೀಜದ ಹಕ್ಕಿನ ಪ್ರಶ್ನೆಗೆ ತನ್ನದೇ ಬಲ ಇತ್ತು, ಅದಕ್ಕೆ ಈ ಸುಳ್ಳಿನ ಆಸರೆ ಬೇಕಿರಲಿಲ್ಲ. ಬಾಂಗ್ಲಾದೇಶ ನೋಡಿ. ಅಲ್ಲಿ 2014ರಲ್ಲಿ ಸರಕಾರಿ ಸಂಶೋಧನಾ ಸಂಸ್ಥೆಯೇ ರೈತರಿಗೆ ಬಿಟಿ ಬದನೆ ಕೊಟ್ಟಿತು. ಪ್ರೋಟೀನ್ ಅದೇ, ಬೀಜ ಹಂಚಿದ ಕೈ ಬೇರೆ.

ವಿಜ್ಞಾನದ ಪರ ಅನ್ನೋರೂ ಪುರಾವೆಗೆ ತಲೆಬಾಗಲೇಬೇಕು. ಬಿಟಿ ಹತ್ತಿಗೆ ನಮ್ಮಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಹೊಲದ ಅಂಚಿನಲ್ಲಿ ಬಿಟಿ ಅಲ್ಲದ ಹತ್ತಿಯನ್ನೂ ಬಿತ್ತಬೇಕು ಅನ್ನೋ ನಿಯಮ ಇತ್ತು, ಅಲ್ಲಿ ಬೆಳೆದ ಹುಳುಗಳು ಬಿಟಿಗೆ ಜಗ್ಗದ ಹುಳುಗಳ ಜೊತೆ ಕೂಡಿದರೆ ಪ್ರತಿರೋಧ ಬೆಳೆಯುವುದು ನಿಧಾನವಾಗುತ್ತದೆ ಅಂತ. ನಮ್ಮ ಸಣ್ಣ ಹಿಡುವಳಿಗಳಲ್ಲಿ ಬಹಳಷ್ಟು ಜನ ಅದನ್ನು ಬಿತ್ತಲಿಲ್ಲ. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅನ್ನೋ ಹತ್ತಿಯ ಹುಳು ಕ್ರೈ1ಎಸಿಯನ್ನು ಅರಗಿಸಿಕೊಂಡಿತ್ತು; ಆಮೇಲೆ ಎರಡು ಬಿಟಿ ಜೀನ್ ಇರುವ ಹತ್ತಿಯನ್ನೂ ಬಿಡಲಿಲ್ಲ. ಇದನ್ನು ಹೇಳಿದವರನ್ನು ವಿಜ್ಞಾನ ವಿರೋಧಿ ಅನ್ನೋದು ಎಂಥ ನ್ಯಾಯ?

ಈಗ ಸಾಸಿವೆ ಸರದಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ತಯಾರಾದ, ಬೇರೆ ಜೀವಿಯ ಜೀನ್ ಸೇರಿಸಿದ ಸಾಸಿವೆ ತಳಿ ಡಿಎಂಎಚ್-11ಗೆ 2022ರಲ್ಲಿ ಕೇಂದ್ರದ ಅನುಮತಿ ಸಿಕ್ಕಿತು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ಸಾಸಿವೆಯಲ್ಲಿರುವ ಒಂದು ಜೀನ್‌ನಿಂದ ಗಿಡ ಗ್ಲುಫೋಸಿನೇಟ್ ಅನ್ನೋ ಕಳೆನಾಶಕವನ್ನು ತಾಳಿಕೊಳ್ಳುತ್ತದೆ. ರೈತರು ಅದನ್ನು ಹೊಡೆಯಲು ಶುರು ಮಾಡಿದರೆ ಕಾಳಿನಲ್ಲಿ ಎಷ್ಟು ಉಳಿಯುತ್ತದೆ? ಅದನ್ನು ಅಳೆದು ಹೇಳಬಹುದು, ಅಳೆಯಲೇಬೇಕು. ಕಳೆ ಕಿತ್ತು ಬದುಕುವ ಹೆಂಗಸರ ಕೂಲಿ ಹೋದರೆ ಯಾರು ಹೊಣೆ? ಅದನ್ನು ಮಾಪನದ ಯಂತ್ರದ ಮುಂದಿಡಬೇಡಿ, ಸರಕಾರವನ್ನೇ ಕೇಳಿ.