ಫೀಲ್ಡ್ ಟಾರ್ಗೆಟ್‌ಗೆ ಎರಡು ಲಕ್ಷದ ಸ್ಕೋಪ್ ಬೇಕೇ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರು ಕಡೆಯವನು, ಈಗ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿಯ ಏರ್‌ಗನ್ ಕ್ಲಬ್ ಸೇರಿ ಒಂದು ವರ್ಷವಾಯಿತು. ಫೀಲ್ಡ್ ಟಾರ್ಗೆಟ್ ಸ್ಪರ್ಧೆಗೆ ಇಳಿಯುವ ಆಸೆ ಇದೆ. ರೈಫಲ್ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಕೂತವರ ಸ್ಕೋಪ್ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎರಡು ಸಾವಿರ ಪೌಂಡ್‌ಗೂ ಮೇಲೆ! ಅಷ್ಟು ಕೊಟ್ಟರೆ ನಿಜಕ್ಕೂ ಅಂಕ ಜಾಸ್ತಿ ಬರುತ್ತಾ? ಅಥವಾ ಸುಮ್ನೆ ಶೋಕಿನಾ?

ಉತ್ತರ: ಗುರಿ ಚೆನ್ನಾಗಿ ಕಾಣಲಿ ಅಂತ ಅಷ್ಟು ದುಡ್ಡು ಸುರಿಯಬೇಡಿ. ಮುನ್ನೂರು ಪೌಂಡಿನ ಸ್ಕೋಪಿನಲ್ಲೂ ಐವತ್ತು ಮೀಟರ್ ದೂರದ ಗುರಿ ಚೆನ್ನಾಗಿಯೇ ಕಾಣುತ್ತದೆ. ಮೇಲಿನ ದುಡ್ಡೆಲ್ಲ ಹೋಗುವುದು ದೂರ ಅಳೆಯುವುದಕ್ಕೆ. ಈ ಆಟದಲ್ಲಿ ಸ್ಕೋಪ್ ಅಂದರೆ ಅರ್ಧ ದುರ್ಬೀನು, ಇನ್ನರ್ಧ ಅಳತೆ ಟೇಪು. ಟೇಪು ಸರಿಯಿದ್ದರೆ ಅಂಕ ಬರುತ್ತದೆ.

ಊರಿನಿಂದ ಓದುವವರಿಗಾಗಿ ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಏರ್ ರೈಫಲ್ ಸ್ಪರ್ಧೆ ಅಂದ ಕೂಡಲೇ ನಮಗೆ ನೆನಪಾಗುವುದು 2008ರ ಬೀಜಿಂಗ್ ಒಲಿಂಪಿಕ್ಸ್, ಅಭಿನವ್ ಬಿಂದ್ರಾ ಅವರ ಚಿನ್ನ. ಅದು 10 ಮೀಟರ್ ಆಟ. ಅಲ್ಲಿ ದೂರ ಎಲ್ಲರಿಗೂ ಗೊತ್ತು. ಸ್ಕೋಪ್ ಹಾಕುವ ಹಾಗೂ ಇಲ್ಲ, ಸಣ್ಣ ತೂತಿನ ಪೀಪ್ ಸೈಟ್‌ನಲ್ಲೇ ಗುರಿ ಹಿಡಿಯಬೇಕು. ಬೆಂಗಳೂರಿನ ರೇಂಜಿನಲ್ಲಿ ಮಗಳನ್ನು 10 ಮೀಟರ್ ತರಬೇತಿಗೆ ಸೇರಿಸಿದವರು ಈ ಬರಹ ಓದಿ ಸ್ಕೋಪ್ ಕೊಂಡರೆ ಅದು ಅಟ್ಟಕ್ಕೇ ಹೋಗುತ್ತದೆ.

ಫೀಲ್ಡ್ ಟಾರ್ಗೆಟ್ ಬೇರೆ ಜಾತಿ. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶುರುವಾದ ಆಟ ಇದು. ಮರಗಿಡಗಳ ನಡುವೆ ಕಾಗೆ, ಇಲಿ, ಮೊಲದ ಆಕಾರದ ಕಬ್ಬಿಣದ ತಗಡುಗಳನ್ನು ನಿಲ್ಲಿಸಿರುತ್ತಾರೆ. ತಗಡಿನಲ್ಲೊಂದು ದುಂಡನೆಯ ತೂತು, ಅದರ ಹಿಂದೆ ಒಂದು ಪಟ್ಟಿ. ಪೆಲೆಟ್, ಅಂದರೆ ಏರ್‌ಗನ್ನಿನ ಪುಟ್ಟ ಗುಂಡು, ತೂತಿನೊಳಗೆ ನುಗ್ಗಿ ಪಟ್ಟಿಗೆ ಬಡಿದರೆ ತಗಡು ಧೊಪ್ಪನೆ ಬೀಳುತ್ತದೆ, ಅಂಕ ನಿಮ್ಮದು. ತಗಡಿಗೆ ಬಡಿದರೆ ಟಣ್ ಅನ್ನುವ ಶಬ್ದ ಮಾತ್ರ. ಗುರಿಗಳು ಸುಮಾರು 9 ಮೀಟರಿನಿಂದ 50 ಮೀಟರಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಎಷ್ಟು ದೂರ ಅಂತ ಯಾರೂ ಹೇಳುವುದಿಲ್ಲ. ಲೇಸರ್ ಹಿಡಿದು ಅಳೆಯುವ ಹಾಗಿಲ್ಲ. ಕಣ್ಣಳತೆಗೆ ಕಾಡು ಸರಿಯಾಗಿ ಮೋಸ ಮಾಡುತ್ತದೆ. ನೆರಳಿನಲ್ಲಿರುವ ಗುರಿ ದೂರ ಅನ್ನಿಸುತ್ತದೆ, ಬಯಲಿನದು ಹತ್ತಿರ ಅನ್ನಿಸುತ್ತದೆ.

ಈಗ ಪೆಲೆಟ್ ಕಥೆ ನೋಡಿ. ಅಂತರರಾಷ್ಟ್ರೀಯ ನಿಯಮದಲ್ಲಿ ರೈಫಲ್‌ನ ಶಕ್ತಿ 12 ಫುಟ್-ಪೌಂಡ್ ದಾಟುವಂತಿಲ್ಲ, ಅಂದರೆ 16.3 ಜೂಲ್. ಅರ್ಧ ಗ್ರಾಮಿಗಿಂತ ಸ್ವಲ್ಪ ಜಾಸ್ತಿ ತೂಗುವ 4.5 ಮಿ.ಮೀ. ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಡುತ್ತದೆ. ಬುಲೆಟ್ ಮುಂದೆ ಇದು ಎತ್ತಿನಗಾಡಿ. ದೂರ ಹೋದಂತೆ ಬೇಗ ಬೇಗ ಕೆಳಗೆ ಬಾಗುತ್ತದೆ. ನಾನು ಲೆಕ್ಕ ಹಾಕಿದ ಪ್ರಕಾರ, 50 ಮೀಟರಿನ ಗುರಿಯನ್ನು 45 ಅಂತ ತಿಳಿದು ಹೊಡೆದರೆ ಪೆಲೆಟ್ ಸುಮಾರು 2.5 ಸೆಂ.ಮೀ. ಕೆಳಗೆ ಬೀಳುತ್ತದೆ. ಅಷ್ಟು ದೂರದ ತೂತಿನ ಅಗಲ ಸಾಮಾನ್ಯವಾಗಿ 40 ಮಿ.ಮೀ. ನಡುವಿನಿಂದ ಅಂಚಿಗೆ ಇರುವುದು 2 ಸೆಂ.ಮೀ. ಮಾತ್ರ. ಕೈ ಒಂದಿಷ್ಟೂ ನಡುಗದಿದ್ದರೂ, ಗಾಳಿ ನಿಂತೇ ಹೋಗಿದ್ದರೂ, ಟಣ್! ಮೂರು ಮೀಟರ್ ತಪ್ಪಿದರೂ ಅಂಚಿಗೆ ತೀರಾ ಹತ್ತಿರ ಹೋಗುತ್ತದೆ. ಹಾಗಾಗಿ ದೂರದ ಗುರಿಗಳಲ್ಲಿ ಒಂದೆರಡು ಮೀಟರಿನೊಳಗೆ ಅಳೆಯಲೇಬೇಕು.

ಸ್ಕೋಪ್ ಹೇಗೆ ಅಳೆಯುತ್ತದೆ? ಮದುವೆ ಫೋಟೋಗ್ರಾಫರ್ ದೊಡ್ಡ ಲೆನ್ಸ್ ಹಾಕಿ ತೆಗೆದ ಚಿತ್ರ ನೆನಪಿಸಿಕೊಳ್ಳಿ. ಮದುಮಗಳ ಮೂಗುತಿ ಸ್ಪಷ್ಟ, ಹಿಂದೆ ನಿಂತ ಸೋದರಮಾವ ಮಸುಕು. ದೊಡ್ಡ ಮಸೂರ, ಜಾಸ್ತಿ ವರ್ಧನೆ ಇದ್ದಾಗ ಒಂದೇ ದೂರ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ಫೀಲ್ಡ್ ಟಾರ್ಗೆಟ್‌ನವರು ಸ್ಕೋಪನ್ನು 40, 50 ಪಟ್ಟಿಗೆ ಏರಿಸಿ, ಪಕ್ಕದಲ್ಲಿರುವ ದೊಡ್ಡ ಸೈಡ್ ವೀಲ್ ತಿರುಗಿಸಿ ಗುರಿಯನ್ನು ಸ್ಪಷ್ಟ ಮಾಡುತ್ತಾರೆ. ಚಕ್ರದ ಸುತ್ತ ಅಂಟಿಸಿದ ಟೇಪಿನಲ್ಲಿ ದೂರ ಬರೆದಿರುತ್ತದೆ. ಸ್ಪಷ್ಟವಾದಾಗ ಮುಳ್ಳು ಎಲ್ಲಿ ನಿಂತಿತೋ ಅದೇ ದೂರ. ಆಮೇಲೆ ಮೇಲಿನ ಟರೆಟ್‌ನಲ್ಲಿ, ಅಂದರೆ ಗುರಿಬಿಂದುವನ್ನು ಮೇಲೆ ಕೆಳಗೆ ಸರಿಸುವ ತಿರುಪಿನಲ್ಲಿ, ಅಷ್ಟು ದೂರಕ್ಕೆ ಬೇಕಾದಷ್ಟು ಕ್ಲಿಕ್ (ತಿರುಪಿನ ಒಂದೊಂದು ಹೆಜ್ಜೆ) ಹಾಕಿ ಹೊಡೆಯುವುದು.

ದುಡ್ಡಿಗೆ ತಕ್ಕ ವ್ಯತ್ಯಾಸ ಕಾಣುವುದು ಈ ಚಕ್ರದಲ್ಲೇ. ಫೋಕಸ್ ಮಸೂರದ ಚಲನೆ ಹೆಚ್ಚುಕಡಿಮೆ ದೂರದ ವಿಲೋಮಕ್ಕೆ ತಕ್ಕಂತೆ ಇರುತ್ತದೆ. ಅರ್ಥವಾಗುವ ಹಾಗೆ ಹೇಳಿದರೆ, 9ರಿಂದ 20 ಮೀಟರಿಗೆ ಹೋಗಲು ಚಕ್ರ ಎಷ್ಟು ತಿರುಗುತ್ತದೋ, 45ರಿಂದ 50ಕ್ಕೆ ಹೋಗಲು ಅದರ ಇಪ್ಪತ್ತೈದನೇ ಒಂದು ಭಾಗವೂ ತಿರುಗುವುದಿಲ್ಲ. ಹತ್ತಿರದ ಗುರಿಗೆ ಧಾರಾಳ ಜಾಗ. ತಪ್ಪು ತುಂಬಾ ತುಟ್ಟಿಯಾಗುವ ದೂರದಲ್ಲಿ ಕೂದಲೆಳೆಯ ಜಾಗ. ಅದಕ್ಕೇ ಆರು ಇಂಚಿನ ಅಗಲದ ಚಕ್ರ ಹಾಕಿಕೊಳ್ಳುವುದು. ಚಕ್ರ ದೊಡ್ಡದಾದರೆ ಗೆರೆಗಳ ನಡುವಿನ ಜಾಗವೂ ಹಿಗ್ಗುತ್ತದೆ. ಆದರೆ ಒಳಗಿನ ಯಂತ್ರ ಸಡಿಲವಾಗಿದ್ದರೆ ಬಂಡಿ ಚಕ್ರ ಹಾಕಿದರೂ ಪ್ರಯೋಜನವಿಲ್ಲ. ಇವತ್ತು 50 ತೋರಿಸಿದ್ದು ನಾಳೆಯೂ 50 ತೋರಿಸಬೇಕು. ಒಳ್ಳೆಯ ಸ್ಕೋಪಿನಲ್ಲಿ ಆ ಜಾಗ ಬಂದ ಕೂಡಲೇ ಚಿತ್ರ ಟಕ್ಕನೆ ಸ್ಪಷ್ಟವಾಗುತ್ತದೆ, ದಾಟಿದ ಕೂಡಲೇ ಮಂಜಾಗುತ್ತದೆ. ಅಗ್ಗದ್ದರಲ್ಲಿ 42ರಿಂದ 52ರವರೆಗೆ ಎಲ್ಲವೂ ಒಂದೇ ಥರ, ಸುಮಾರಾಗಿ ಚೆನ್ನಾಗಿ ಕಾಣುತ್ತಿರುತ್ತದೆ. ಆ ಸುಮಾರಿನಲ್ಲೇ ನಾಲ್ಕೈದು ಅಂಕ ಹೋಗುತ್ತದೆ.

ಇನ್ನೊಂದು ಶತ್ರು ಬಿಸಿಲು. ಬೆಳಗ್ಗೆ ಐದು ಡಿಗ್ರಿ ಚಳಿಯಲ್ಲಿ ಬರೆದ ಟೇಪು, ಮಧ್ಯಾಹ್ನ ಇಪ್ಪತ್ತೆರಡು ಡಿಗ್ರಿಯಲ್ಲಿ ಸುಳ್ಳು ಹೇಳಲು ಶುರು ಮಾಡುತ್ತದೆ. ಲೋಹವೂ ಗಾಜೂ ಹಿಗ್ಗಿದಾಗ ಫೋಕಸ್ ಜಾಗ ಸರಿಯುತ್ತದೆ. ದುಬಾರಿ ಸ್ಕೋಪುಗಳಲ್ಲೂ ಇದು ಪೂರ್ತಿ ಹೋಗಿಲ್ಲ. ಎಷ್ಟು ಸರಿಯುತ್ತದೆ, ಪ್ರತಿ ಸಲವೂ ಒಂದೇ ಥರ ಸರಿಯುತ್ತದಾ ಅನ್ನುವುದಷ್ಟೇ ವ್ಯತ್ಯಾಸ. ಸ್ಪರ್ಧೆಯಲ್ಲಿ ಸ್ಕೋಪಿನ ಮೇಲೆ ಜ್ವರದ ಪಟ್ಟಿಯಂಥ ಥರ್ಮಾಮೀಟರ್ ಅಂಟಿಸಿಕೊಂಡವರನ್ನು ನೋಡಿರುತ್ತೀರಿ. ಚಳಿಗೊಂದು ಟೇಪು, ಬಿಸಿಲಿಗೊಂದು ಟೇಪು. ಮೊದಮೊದಲು ನನಗೂ ಇದು ಅತಿಯಾಯಿತು ಅನ್ನಿಸಿತ್ತು. ಈಗ ನನ್ನ ಸ್ಕೋಪಿನ ಮೇಲೂ ಅಂಥದೊಂದಿದೆ.

ನಾನು ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಆರಂಭದಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ದೊಡ್ಡ ಹೆಸರಿನ ಸ್ಕೋಪ್ ಸಿಕ್ಕಿತು. ಗಾಜು ಅಂದರೆ ಗಾಜು, ಕಣ್ಣಿಗೆ ಹಬ್ಬ. ಮನೆಗೆ ತಂದು ಹಿತ್ತಲಲ್ಲಿ 20 ಮೀಟರಿನ ಗುರಿ ನೋಡಿದೆ. ಬರೀ ಮಂಜು. ಅದು ದೂರ ಹೊಡೆಯುವ ಬಂದೂಕಿಗೆ ಮಾಡಿದ್ದು, 50 ಗಜದ ಈಚೆ ಫೋಕಸ್ಸೇ ಆಗುವುದಿಲ್ಲ. ನಮ್ಮ ಆಟ ಮುಗಿಯುವ ಹೊತ್ತಿಗೆ ಅದರ ಆಟ ಶುರು! ಹಾಗಾಗಿ ಅಂಗಡಿಯಲ್ಲಿ ಬೆಲೆಗೂ ಮೊದಲು ಕೇಳಬೇಕಾದ್ದು, ಕಡಿಮೆ ಅಂದರೆ ಎಷ್ಟು ದೂರಕ್ಕೆ ಫೋಕಸ್ ಆಗುತ್ತದೆ ಅಂತ. ಹತ್ತು ಗಜ ಅಥವಾ ಅದರೊಳಗೆ ಅಂದರೆ ಮುಂದಿನ ಮಾತು. ಇಲ್ಲದಿದ್ದರೆ ಟೀ ಕುಡಿದು ಎದ್ದು ಬನ್ನಿ.

ವರ್ಧನೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 60, 80 ಪಟ್ಟು ಅಂತ ಬರೆದಿದ್ದರೆ ಆಸೆಯಾಗುವುದು ಸಹಜ. ಆದರೆ ಎದುರು ಮಸೂರದ ಅಗಲವನ್ನು ವರ್ಧನೆಯಿಂದ ಭಾಗಿಸಿ ನೋಡಿ. 56 ಮಿ.ಮೀ. ಮಸೂರ, 50 ಪಟ್ಟು: ಕಣ್ಣಿಗೆ ಬರುವ ಬೆಳಕಿನ ಕಂಬ 1.1 ಮಿ.ಮೀ. ಅಷ್ಟೇ. 80 ಪಟ್ಟಿನಲ್ಲಿ 0.7. ಮರದ ನೆರಳಿನಲ್ಲಿ ಕಪ್ಪು ಬಣ್ಣದ ಗುರಿ ಇದ್ದರೆ ಕಷ್ಟ. ಬಿಸಿಲಲ್ಲಿ ನೆಲದ ಬಿಸಿಗಾಳಿ ಕುಣಿಯುವುದೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಮ್ಮ ಎದೆಬಡಿತವೂ ಕಾಣುತ್ತದೆ. 35ರಿಂದ 50ರ ನಡುವೆ ಬಹುತೇಕರ ಕೆಲಸ ಮುಗಿಯುತ್ತದೆ.

ಟರೆಟ್ ಕ್ಲಿಕ್ ಬಗ್ಗೆ ಒಂದೇ ಮಾತು. ಎಂಒಎ, ಮಿಲ್ ಎರಡೂ ಕೋನ ಅಳೆಯುವ ಮಾನಗಳು. ಕಾಲು ಎಂಒಎ ಕ್ಲಿಕ್ 50 ಮೀಟರಿನಲ್ಲಿ 3.6 ಮಿ.ಮೀ. ಸರಿಸುತ್ತದೆ, 0.1 ಮಿಲ್ ಕ್ಲಿಕ್ 5 ಮಿ.ಮೀ. ಎರಡೂ ಸಾಕು. ಎಂಟನೇ ಒಂದು ಎಂಒಎ ಇದ್ದರೆ ನಯ, ಆದರೆ ಕ್ಲಿಕ್ ಎಣಿಸುವಾಗ ತಪ್ಪುವ ಸಾಧ್ಯತೆಯೂ ಜಾಸ್ತಿ. ಅಂದಹಾಗೆ, ಸ್ಕೋಪ್ ನಳಿಕೆಗಿಂತ ಎತ್ತರದಲ್ಲಿರುವುದರಿಂದ 9 ಮೀಟರಿನ ಗುರಿಗೂ ಹೆಚ್ಚುಕಡಿಮೆ 50 ಮೀಟರಿನಷ್ಟೇ ಕ್ಲಿಕ್ ಮೇಲೆ ಹಾಕಬೇಕಾಗುತ್ತದೆ. ಹೊಸಬರು ಹತ್ತಿರದ ಗುರಿ ಬಿಡುವುದು ಹೆಚ್ಚಾಗಿ ಇಲ್ಲೇ.

ಇನ್ನು ಹೆಸರುಗಳು. ಜೊತೆಗಿರುವ ಸಂಖ್ಯೆಯಲ್ಲಿ x ಹಿಂದಿನದು ವರ್ಧನೆ, ಮುಂದಿನದು ಎದುರು ಮಸೂರದ ಅಗಲ ಮಿ.ಮೀ.ನಲ್ಲಿ. ಜರ್ಮನಿಯ ಶ್ಮಿಟ್ ಅಂಡ್ ಬೆಂಡರ್ 12.5-50x56 ಮತ್ತು ಆಸ್ಟ್ರಿಯಾದ ಕಾಲೆಸ್ 10-50x56, ಎರಡನ್ನೂ ಫೀಲ್ಡ್ ಟಾರ್ಗೆಟ್‌ಗೆಂದೇ ಮಾಡಿದ್ದಾರೆ. ಜಪಾನಿನ ಮಾರ್ಚ್ 10-60x52 ಮತ್ತು 8-80x56 ಕೂಡ ಇದೇ ಸಾಲಿನವು. ಇವುಗಳ ಕೆಳಗಿನ ಮೆಟ್ಟಿಲಲ್ಲಿ ಸೈಟ್ರಾನ್ 10-50x60 ಸಿಗುತ್ತದೆ. ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಅಂಕ ಕೊಡುವ ಮೆಟ್ಟಿಲು ಅದೇ. ಹಳೆಯ ಲ್ಯುಪೋಲ್ಡ್ ಕಾಂಪಿಟಿಷನ್ 35x45 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ. ಝೂಮ್ ಇಲ್ಲ, ತೂಕ ಕಡಿಮೆ. ತೂಕವೂ ಲೆಕ್ಕಕ್ಕೆ ಬರುತ್ತದೆ. ಕಿಲೋ ಹತ್ತಿರದ ಸ್ಕೋಪ್ ರೈಫಲ್ ಮೇಲೆ ಕೂತರೆ ನಿಂತು ಹೊಡೆಯುವ ಗುರಿಯಲ್ಲಿ ತೋಳು ಹೇಳುತ್ತದೆ.

ನಿಮ್ಮ ರೈಫಲ್ ಸ್ಪ್ರಿಂಗ್‌ನದಾ, ಗಾಳಿ ತುಂಬುವ ಪಿಸಿಪಿನಾ ಅಂತ ನೀವು ಬರೆದಿಲ್ಲ. ಪಿಸಿಪಿ ಆದರೆ ಚಿಂತೆಯಿಲ್ಲ. ಸ್ಪ್ರಿಂಗ್ ರೈಫಲ್ ಹಿಂದಕ್ಕೊಮ್ಮೆ ಒದ್ದು, ತಕ್ಷಣ ಮುಂದಕ್ಕೂ ಒದೆಯುತ್ತದೆ. ದೊಡ್ಡ ಬಂದೂಕಿನ ಮೇಲೆ ಬಾಳುವ ಸ್ಕೋಪೂ ಈ ಎರಡನೇ ಒದೆತಕ್ಕೆ ಹಾಳಾಗಬಹುದು. ಸ್ಪ್ರಿಂಗ್‌ಗೆ ಹಾಕಿದರೆ ವಾರಂಟಿ ನಡೆಯುತ್ತದಾ ಅಂತ ಬರಹದಲ್ಲೇ ಕೇಳಿ ಪಡೆಯಿರಿ.

ಕ್ಲಬ್ಬಿನಲ್ಲಿ ಎಚ್‌ಎಫ್‌ಟಿ (ಹಂಟರ್ ಫೀಲ್ಡ್ ಟಾರ್ಗೆಟ್) ಅಂತಲೂ ಒಂದು ಆಟ ಇರುತ್ತದೆ. ಅಲ್ಲಿ ಶುರುವಾದ ಮೇಲೆ ಸ್ಕೋಪಿನ ಯಾವ ತಿರುಪನ್ನೂ ಮುಟ್ಟುವಂತಿಲ್ಲ. ಅದಕ್ಕೆ 10 ಪಟ್ಟಿನ ಸಾಧಾರಣ ಸ್ಕೋಪೇ ಸರಿ. ಮೇಲೆ ಹೇಳಿದ ದುಬಾರಿ ಚಕ್ರಕ್ಕೆ ಅಲ್ಲಿ ಕೆಲಸವೇ ಇಲ್ಲ. ನಿಮ್ಮ ಮನಸ್ಸು ಆ ಕಡೆಗಿದ್ದರೆ ಎರಡು ಸಾವಿರ ಪೌಂಡ್ ಉಳಿಯಿತು.

ಫೀಲ್ಡ್ ಟಾರ್ಗೆಟ್ಟೇ ಅಂತಾದರೆ, ಕೊಳ್ಳುವ ಮೊದಲು ಈಗಿರುವ ಸ್ಕೋಪನ್ನೇ ಪರೀಕ್ಷೆ ಮಾಡಿ. ಮೊದಲು ಕಣ್ಣಿನ ಕಡೆಯ ತುದಿ ತಿರುಗಿಸಿ ಕ್ರಾಸ್‌ಹೇರ್ (ಒಳಗೆ ಕಾಣುವ ಗುರಿಗೆರೆ) ಸ್ಪಷ್ಟ ಮಾಡಿಕೊಳ್ಳಿ. ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಆಮೇಲೆ ಅಳತೆ ಟೇಪು ಹಿಡಿದು ಗುರಿಗಳನ್ನು ನೆಟ್ಟು, ಚಕ್ರದ ಮೇಲೆ ಗುರುತು ಹಾಕಿ. ಪ್ರತಿ ಸಲ ಒಂದೇ ದಿಕ್ಕಿನಿಂದ ತಿರುಗಿಸಿ. ಮರುವಾರ ಗೆಳೆಯನಿಗೆ ಹೇಳಿ ಗುರಿಗಳನ್ನು ಬೇರೆ ಬೇರೆ ಕಡೆ ಇಡಿಸಿ, ದೂರ ಕೇಳದೆ ಅಳೆಯಿರಿ. ಇಪ್ಪತ್ತು ಸಲ ಅಳೆದು ಬರೆದುಕೊಳ್ಳಿ. 40ರಾಚೆಯ ಗುರಿಗಳಲ್ಲಿ ಎರಡು ಮೀಟರಿನೊಳಗೆ ಬರುತ್ತಿದ್ದರೆ ಆ ದುಡ್ಡನ್ನು ಪೆಲೆಟ್‌ಗೆ, ಪೆಟ್ರೋಲ್‌ಗೆ ಇಟ್ಟುಕೊಳ್ಳಿ. ನಾಲ್ಕೈದು ಮೀಟರ್ ಓಲಾಡುತ್ತಿದ್ದರೆ ಹೊಸ ಸ್ಕೋಪಿನ ಮಾತು.

ಆಗಲೂ ಬಾಕ್ಸ್ ಮೇಲಿನ ಸಂಖ್ಯೆ ನೋಡಿ ಕೊಳ್ಳಬೇಡಿ. ಅಭ್ಯಾಸದ ದಿನ ಕ್ಲಬ್ಬಿನವರನ್ನು ಕೇಳಿ. ಸ್ಕೋಪ್ ಹೊಗಳಿದರೆ ಸಾಕು, ನೋಡಲು ಕೊಡದವರು ಕಡಿಮೆ. ಅಂಗಡಿಯಲ್ಲೇ ನೋಡುವುದಾದರೆ ಬಾಗಿಲಾಚೆಗೆ ಹೋಗಿ. ಎದುರಿನ ಗೋಡೆಯ ಬರಹ ಓದುತ್ತಾ ನಿಲ್ಲಬೇಡಿ. ಹೆಜ್ಜೆ ಹಾಕಿ ಸುಮಾರು 45 ಮತ್ತು 50 ಮೀಟರಿನಲ್ಲಿ ಎರಡು ಮರ ಹುಡುಕಿಕೊಳ್ಳಿ. ಒಂದರ ತೊಗಟೆ ಸ್ಪಷ್ಟ ಮಾಡಿ, ಚಕ್ರದ ಮೇಲೆ ಪೆನ್ಸಿಲ್ ಗುರುತು ಹಾಕಿ. ಇನ್ನೊಂದನ್ನು ಸ್ಪಷ್ಟ ಮಾಡಿ, ಇನ್ನೊಂದು ಗುರುತು. ಹೀಗೆ ಐದು ಸಲ. ಗುರುತುಗಳು ಎರಡು ಗುಂಪಾಗಿ ಬೇರೆ ಬೇರೆ ನಿಂತರೆ ಬೆಲೆ ಮಾತಾಡಿ. ಒಂದರೊಳಗೊಂದು ಕಲಸಿಹೋದರೆ ಗುರುತು ಒರೆಸಿ ವಾಪಸ್ ಕೊಡಿ.